ಓಣಿಯೆಲ್ಲ ಕೈ ಹಾಕಿದ ನಟ್ಟು

ಮನಸ್ಸಿಗೆ ಸಮಾಧಾನ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಜಾಗ ಹೇಳುತ್ತಾರೆ. ಮಠದ ಕಟ್ಟೆ ಅನ್ನುವವರಿದ್ದಾರೆ, ಹೊಲದ ಬದುವಿನ ಬೇವಿನ ಗಿಡದ ನೆರಳು ಅನ್ನುವವರಿದ್ದಾರೆ, ಹೆಂಡತಿ ತವರಿಗೆ ಹೋದ ಮನೆ ಅನ್ನುವ ಧೈರ್ಯವಂತರೂ ಇದ್ದಾರೆ. ನನ್ನನ್ನು ಕೇಳಿದರೆ ನಿಂತ ಕಾರಿನ ಕೆಳಗೆ ಅನ್ನುತ್ತೇನೆ. ನಗಬೇಡಿ. ಮಧ್ಯಾಹ್ನದ ಊಟವಾದ ಮೇಲೆ ಒಂದು ಗೋಣಿತಟ್ಟು ಹಾಸಿಕೊಂಡು, ಬೆನ್ನ ಮೇಲೆ ಜಾರಿಕೊಂಡು ಕಾರಿನ ಅಡಿಗೆ ಹೋಗಿ ಒಮ್ಮೆ ಮಲಗಿ ನೋಡಿ. ಅಲ್ಲಿ ನೆರಳಿದೆ, ನೆಲದ ತಂಪಿದೆ, ಎಣ್ಣೆಯದೊಂದು ಹಳೆಯ ವಾಸನೆಯಿದೆ. ಮುಖ್ಯವಾದ ಮಾತೆಂದರೆ, ಅಲ್ಲಿ ಮಲಗಿದವನನ್ನು ಯಾರೂ ಸೋಮಾರಿ ಅನ್ನುವುದಿಲ್ಲ. ನಟ್ಟು ತಿರುವುವ ಪಾನಾ ಒಂದು ಕೈಯಲ್ಲಿದ್ದರೆ ಸಾಕು, ನೀವು ಕಣ್ಣು ಮುಚ್ಚಿಕೊಂಡಿದ್ದರೂ ದುಡಿಯುತ್ತಿದ್ದೀರಿ ಎಂದೇ ಲೋಕ ತಿಳಿಯುತ್ತದೆ.

ಆ ಲೋಕವಾದರೂ ಅಲ್ಲಿಂದ ಬರೀ ಪಾದಗಳಾಗಿ ಕಾಣುತ್ತದೆ. ಮುಖದಲ್ಲಿ ಮನುಷ್ಯ ಏನೇನನ್ನೋ ಮುಚ್ಚಿಡಬಲ್ಲ, ಪಾದಕ್ಕೆ ಆ ವಿದ್ಯೆ ಬರುವುದಿಲ್ಲ. ಬಹಳ ಅವಸರದಲ್ಲಿದ್ದೇನೆ ಎನ್ನುವವನ ಪಾದಗಳು ಅರ್ಧ ತಾಸು ಒಂದೇ ಕಡೆ ನಿಂತಿದ್ದನ್ನು ನಾನು ಕಂಡಿದ್ದೇನೆ. ನಡುನಡುವೆ ಕೋಳಿಯೊಂದು ಬಂದು, ಕತ್ತು ಓರೆ ಮಾಡಿ ನನ್ನನ್ನು ನೋಡಿ, ಉಪಯೋಗವಿಲ್ಲದ ಪ್ರಾಣಿ ಎಂದು ತೀರ್ಮಾನಿಸಿ ಹೋಗುತ್ತದೆ. ಇಷ್ಟೆಲ್ಲದರ ನಡುವೆ ಹಣೆಯಿಂದ ಒಂದು ಗೇಣು ಮೇಲೆ ಒಂದು ಹನಿ ಹುಟ್ಟುತ್ತಿರುತ್ತದೆ. ಮೊದಲು ನಟ್ಟಿನ ಅಂಚಿನಲ್ಲಿ ಒಂದು ಮಿನುಗು. ಆಮೇಲೆ ಆ ಮಿನುಗಿಗೊಂದು ಹೊಟ್ಟೆ. ಆಮೇಲೆ ಬೀಳಲೋ ಬೇಡವೋ ಎಂಬ ಯೋಚನೆ. ಕೊನೆಗೆ ಹುಬ್ಬುಗಳ ನಡುವೆ ತಣ್ಣಗೆ ಬಂದು ಕೂಡುತ್ತದೆ. ನಾನು ಹೇಳಹೊರಟಿರುವುದು ಆ ಹನಿಯ ಕತೆ.

ಆಗ, ಅಂದರೆ ಎಂಬತ್ತರ ದಶಕದ ನಡುವಿನಲ್ಲಿ, ನಾನು ಅಣ್ಣಿಗೇರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಹತ್ತಿಯ ದರ್ಜೆ ನೋಡುವ ಕೆಲಸದಲ್ಲಿದ್ದೆ. ಕೆಲಸವೆಂದರೆ ಇಷ್ಟೇ: ರಾಶಿಯಿಂದ ಒಂದು ಚಿಟಿಕೆ ಹತ್ತಿ ತೆಗೆಯುವುದು, ಎರಡೂ ಹೆಬ್ಬೆರಳುಗಳ ನಡುವೆ ಮೆಲ್ಲಗೆ ಎಳೆಯುವುದು, ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ ಎಂದು ನೋಡಿ ಹೇಳುವುದು. ಜಿನ್ನು ನಡೆಯುವ ದಿನಗಳಲ್ಲಿ ಗಾಳಿಯಲ್ಲೆಲ್ಲ ಹತ್ತಿ ತೇಲುತ್ತಿರುತ್ತದೆ. ಬಿಸಿಲಿನ ಕೋಲಿನಲ್ಲಿ ಅದು ಮೇಲೆ ಹೋಗುವುದನ್ನು ನೋಡುತ್ತ ನಾನು ಎಷ್ಟೋ ಹೊತ್ತು ಕೂತುಬಿಡುತ್ತಿದ್ದೆ. ಮನೆಗೆ ಬಂದಾಗ ಅವ್ವ ನನ್ನ ತಲೆಗೂದಲಿನಿಂದ ಹತ್ತಿ ಆರಿಸುತ್ತ, "ಮ್ಯಾಲಿಂದೇನೋ ತಗದೆ, ಒಳಗಿಂದ ಹೆಂಗ ತಗೀಲಿ?" ಅನ್ನುತ್ತಿದ್ದಳು. ಮನೆಯಲ್ಲಿ ಆಗ ನಾವಿಬ್ಬರೇ ಇದ್ದೆವು. ಹೆಂಡತಿ ಕಸ್ತೂರಿ ಚೊಚ್ಚಲು ಬಾಣಂತನಕ್ಕೆ ಕಲಘಟಗಿ ಹತ್ತಿರದ ಬಮ್ಮಿಗಟ್ಟಿಯ ತವರಿನಲ್ಲಿದ್ದಳು, ನಮಗೆ ಹೆಣ್ಣು ಮಗು ಹುಟ್ಟಿತ್ತು.

ಕಾರು ಬಂದದ್ದೂ ಅದೇ ಕಾರಣಕ್ಕೆ. ಕಸ್ತೂರಿಗೆ ಬಸ್ಸು ಆಗಿಬರುವುದಿಲ್ಲ. ಬಸ್ಸು ಹೊರಡಬೇಕೆಂದೇನಿಲ್ಲ, ಅದರ ಗಾಳಿ ಬಂದರೆ ಸಾಕು, ಹೊಟ್ಟೆ ತೊಳಸುತ್ತದೆ. ಹೆರಿಗೆಗೆ ಹೋಗುವಾಗ ಅವಳು ಪಟ್ಟ ಪಾಡು ನೋಡಿ, "ಬರೂವಾಗ ನಿನ್ನನ್ನ ಕಾರಿನ್ಯಾಗ ಕರಕೊಂಡ ಬರ್ತೀನಿ" ಎಂದು ಬಾಯಿ ತಪ್ಪಿ ಹೇಳಿದ್ದೆ. ಹೇಳಿದ ಮೇಲೆ ಮಾಡಬೇಕಲ್ಲ. ಹುಬ್ಬಳ್ಳಿಯ ಒಬ್ಬ ಹತ್ತಿ ವ್ಯಾಪಾರಿ ಬಳಸಿ ಸಾಕಾಗಿ ಬಿಟ್ಟ ಕಪ್ಪು ಕಾರೊಂದನ್ನು ಕೊಂಡೆ. ಅದರ ಬಾಗಿಲುಗಳನ್ನು ಮುಚ್ಚಿದರೆ ತೆರೆಯುತ್ತಿದ್ದವು, ತೆರೆಯಹೋದರೆ ಮುಚ್ಚಿರುತ್ತಿದ್ದವು. ಆದರೆ ಓಡುತ್ತಿತ್ತು. ಬ್ರೇಕು ಹೇಗಿದೆ ಎಂದು ನೋಡುವ ಪ್ರಸಂಗವೇ ಬರಲಿಲ್ಲ. ನಮ್ಮ ಅಣ್ಣಿಗೇರಿ, ನವಲಗುಂದದ ಕಡೆಯ ಎರೆ ಭೂಮಿ ಗೊತ್ತಲ್ಲ, ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಕಾಲು ತೆಗೆದರೆ ಗಾಡಿ ತಾನೇ ಸಾವಕಾಶವಾಗಿ ಯೋಚನೆ ಮಾಡಿ ನಿಲ್ಲುತ್ತದೆ. ಮಳೆಗಾಲದಲ್ಲಂತೂ ನಿಲ್ಲಿಸುವುದು ಪ್ರಶ್ನೆಯೇ ಅಲ್ಲ, ಹೊರಡಿಸುವುದು ಪ್ರಶ್ನೆ.

ಕಲಘಟಗಿಯ ಕಡೆ ಹಾಗಲ್ಲ. ಅಲ್ಲಿ ನೆಲಕ್ಕೆ ಏರು ಇಳಿವು ಇವೆ. ಮಗುವಿಗೆ ಎರಡು ತಿಂಗಳಾಗಿದ್ದಾಗ ಅದನ್ನು ನೋಡಲು ನಾನು ಮೊದಲ ಸಲ ಕಾರಿನಲ್ಲಿ ಬಮ್ಮಿಗಟ್ಟಿಗೆ ಹೋದೆ. ಮಾವನ ಮನೆ ಓಣಿಯ ಇಳಿಜಾರಿನ ಕೊನೆಗಿದೆ. ಮಾವ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಅವರನ್ನು ನೋಡಿ, ಅಳಿಯನಿಗೆ ಒಪ್ಪುವ ಗತ್ತಿನಲ್ಲಿ, ನಾನು ಪೆಡಲ್ ಒತ್ತಿದೆ. ಕಾಲು ಬೆಣ್ಣೆಯೊಳಗೆ ಇಳಿದಂತೆ ತಳದ ತನಕ ಇಳಿಯಿತು. ಕಾರು ಮಾವನ ಕಟ್ಟೆಯನ್ನು ದಾಟಿ, ತಲೆ ಎತ್ತಿ ನೋಡಿದ ಎಮ್ಮೆಯನ್ನು ದಾಟಿ, ಹಿತ್ತಲಿನ ಹುಲ್ಲಿನ ಬಣವೆಯೊಳಗೆ ಅರ್ಧದ ತನಕ ಹೋಗಿ, ನಿಟ್ಟುಸಿರು ಬಿಟ್ಟು ನಿಂತಿತು. ಹುಲ್ಲಿನೊಳಗೆ ಬಂಗಾರದ ಬಣ್ಣದ ಮಬ್ಬು ಬೆಳಕು ತುಂಬಿತ್ತು. ನಿಜ ಹೇಳುತ್ತೇನೆ, ಹೊರಗೆ ಮಾವ ಇಲ್ಲದೆ ಹೋಗಿದ್ದರೆ ನಾನು ಅಲ್ಲೇ ಸ್ವಲ್ಪ ಹೊತ್ತು ಇದ್ದುಬಿಡುತ್ತಿದ್ದೆ.

ಮಾವ ಎದ್ದು ಬರಲಿಲ್ಲ. ಕೂತಲ್ಲಿಂದಲೇ ಒಳಗಿನವರಿಗೆ ಕೇಳುವಂತೆ, "ಅಳಿಯಂದ್ರು ಬಂದ್ರು ನೋಡ್ರಿ. ಬಣವಿ ಅಡ್ಡ ಇತ್ತು, ಛಲೋ ಆತು. ಇಲ್ಲಂದ್ರ ಹೊಲದ ತನಕಾ ಹೋಗಿ ಬರ್ತಿದ್ರು" ಅಂದರು.

ಅಂದು ಊಟವಾದ ಮೇಲೆ ನನ್ನ ಹಣೆಬರಹ ನಿರ್ಧಾರವಾಯಿತು. ನಮ್ಮಲ್ಲಿ ಬಾಣಂತಿ ಮತ್ತು ಕೂಸು ತವರಿನಿಂದ ಮೂರನೆಯ ತಿಂಗಳಲ್ಲಿ ಹೊರಡಬೇಕು, ಇಲ್ಲವೇ ಐದರಲ್ಲಿ. ನಾಲ್ಕರಲ್ಲಿ ಕಳಿಸುವುದಿಲ್ಲ. ಮೂರನೆಯ ತಿಂಗಳ ಕೊನೆಯ ಸೋಮವಾರ ಕರೆದೊಯ್ಯುತ್ತೇನೆ ಎಂದೆ. ಮಾವ ಎಲೆಗೆ ಸುಣ್ಣ ಹಚ್ಚುತ್ತ, "ನೋಡ್ರಿ ಅಳಿಯಂದ್ರ, ಎತ್ತು ಕೊಳ್ಳಬೇಕಾದ್ರ ನಾ ಹಲ್ಲು ನೋಡೂದಿಲ್ಲ, ಕೋಡು ನೋಡೂದಿಲ್ಲ. ಗಾಡಿ ಹೂಡಿ ಇಳಿಜಾರಿನ್ಯಾಗ ಓಡಸ್ತೀನಿ, ಮುಂದ ನೀರು ತುಂಬಿದ ಕೊಡ ಇಟ್ಟಿರ್ತೀನಿ. ಹೋ ಅಂದ ಕೂಡ್ಲೆ ಕೊಡದ ಈಚಿಗೆ ನಿಂತ್ರ ಅದು ಎತ್ತು. ನಿಮ್ಮ ಗಾಡೀನೂ ಹಂಗ ನಿಂದರಲಿ. ಆಮ್ಯಾಲೆ ನನ್ನ ಮೊಮ್ಮಗಳನ್ನ ಕೂಡಸ್ರಿ" ಅಂದರು. ಬಾಡಿಗೆ ಕಾರು ತರುತ್ತೇನೆ ಎಂದರೆ ಅತ್ತೆ ಒಪ್ಪಲಿಲ್ಲ. "ಬಾಡಿಗಿ ಕಾರು ಅಂದ್ರ ಒಂದೋ ಮದುವಿ, ಇಲ್ಲಾ ದವಾಖಾನಿ. ಕೂಸು ಮೊದಲನೇ ಸಲ ತನ್ನ ಮನೀಗೆ ಹೊಂಟೈತಿ, ಅಂಥಾದ್ರಾಗ ಬ್ಯಾಡ" ಅಂದರು. ಹೊರಡುವಾಗ ಕಸ್ತೂರಿ ಬಾಗಿಲ ಮರೆಗೆ ಬಂದಳು. "ಐದನೇ ತಿಂಗಳ ತನಕಾ ನನ್ನ ಕೈಲೆ ಆಗೂದಿಲ್ರಿ. ಮೂಲ್ಯಾಗ ಕೂಡಸಿ ಅಂಟಿನ ಉಂಡಿ ತಿನ್ನಸಾಕತ್ತಾರ. ಗಾಡಿ ರಿಪೇರಿ ಮಾಡ್ಕೊಂಡು ಲಗೂನ ಬರ್ರಿ" ಅಂದಳು. ಮಗು ಅವಳ ಹೆಗಲ ಮೇಲೆ ಮಲಗಿ ನಿದ್ದೆಯಲ್ಲಿ ಬಾಯಿ ಚಪ್ಪರಿಸುತ್ತಿತ್ತು. ನನಗೂ ಐದರ ತನಕ ಆಗುವುದಿಲ್ಲ ಎಂದು ಆ ಕ್ಷಣದಲ್ಲಿ ಖಾತ್ರಿಯಾಯಿತು.

ಊರಿಗೆ ಬಂದವನೇ ಕಾರಿನ ಕೆಳಗೆ ಸೇರಿದೆ. ಬ್ರೇಕಿನ ಕತೆ ದೊಡ್ಡದೇನಲ್ಲ. ಪೆಡಲ್ ಒತ್ತಿದರೆ ಎಣ್ಣೆ ಸಣ್ಣ ಸಣ್ಣ ಪೈಪುಗಳಲ್ಲಿ ಹರಿದು ಹೋಗಿ ಗಾಲಿಗಳನ್ನು ಹಿಡಿಯುತ್ತದೆ. ಎಣ್ಣೆ ನಡುವೆ ಸೋರಿದರೆ ಒತ್ತಿದ್ದೆಲ್ಲ ವ್ಯರ್ಥ. ಹಿಂದಿನ ಗಾಲಿಯ ಹತ್ತಿರ ಎರಡು ಪೈಪು ಕೂಡುವಲ್ಲಿ ಒಂದು ಹಿತ್ತಾಳೆಯ ನಟ್ಟು, ಅದರ ಅಂಚಿನಲ್ಲಿ ನಾನು ಆಗಲೇ ಹೇಳಿದ ಹನಿ. ಮೆಕ್ಯಾನಿಕ್ಕಿಗೆ ಯಾಕೆ ತೋರಿಸಲಿಲ್ಲ ಎಂದು ನೀವು ಕೇಳಬಹುದು. ನಮ್ಮೂರಲ್ಲಿದ್ದವರು ಪಂಪಿನ ಎಂಜಿನ್ನು ರಿಪೇರಿ ಮಾಡುವವರು, ಹುಬ್ಬಳ್ಳಿಯವರು ಗಾಡಿ ಬಿಟ್ಟು ಹೋಗಿ, ಯಾವಾಗಾಗುತ್ತದೋ ನೋಡೋಣ ಅನ್ನುವವರು. ಅದಕ್ಕಿಂತ ಹೆಚ್ಚಾಗಿ, ಒಂದು ನಟ್ಟು ಬಿಗಿ ಮಾಡುವುದರಲ್ಲಿ ಏನಿದೆ ಎಂಬ ಧೈರ್ಯ. ಪಾನಾ ಹಚ್ಚಿ ಒಂದು ಸುತ್ತು ತಿರುವಿದೆ. ಹನಿ ನಿಂತಿತು. ಅದು ನಿಂತದ್ದನ್ನು ನೋಡುತ್ತ ನೋಡುತ್ತ ನನಗೆ ಜೊಂಪು ಹತ್ತಿತು. ಎಚ್ಚರಾದಾಗ ಹಣೆ ಒದ್ದೆಯಾಗಿತ್ತು, ಸಂಜೆಯಾಗಿತ್ತು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಒಬ್ಬ ಮೂಟೆ ಎತ್ತುತ್ತಿದ್ದರೆ, ಗಾಡಿ ನೂಕುತ್ತಿದ್ದರೆ, ತೊಲೆ ಏರಿಸುತ್ತಿದ್ದರೆ, ದಾರಿಯಲ್ಲಿ ಹೋಗುವವನು ಸುಮ್ಮನೆ ನೋಡಿಕೊಂಡು ಹೋಗಬಾರದು. ಒಂದು ಕೈ ಹಾಕಿ ಹೋಗಬೇಕು. ಮಾತಾಡಿಸದೆ ಹೋದರೆ ಏನೋ ಗಡಿಬಿಡಿ ಎಂದು ಜನ ಬಿಡುತ್ತಾರೆ, ಕೈ ಹಾಕದೆ ಹೋದರೆ ಅವನ ಮನೆಗೆ ನೀರು ಕುಡಿಯಲೂ ಹೋಗುವುದಿಲ್ಲ. ಈ ರೂಢಿಯಿಂದ ನಮ್ಮೂರಿನಲ್ಲಿ ಎಷ್ಟು ಮನೆಗಳ ಮಾಳಿಗೆ ಏರಿದೆಯೋ ಲೆಕ್ಕವಿಲ್ಲ. ಆದರೆ ಈ ರೂಢಿ ಮಾಡಿದ ಹಿರಿಯರು ಹಿತ್ತಾಳೆಯ ನಟ್ಟನ್ನು ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಕಾರಿನ ಪಕ್ಕಕ್ಕೆ ಎರಡು ದಪ್ಪ ಪಾದಗಳು ಬಂದು ನಿಂತವು. ಎದುರು ಮನೆಯ ಫಕೀರಪ್ಪ ಕಾಕಾ. ಮೆಣಸಿನಕಾಯಿ ವ್ಯಾಪಾರದಲ್ಲಿ ಚೀಲ ಎತ್ತಿ ಇಳಿಸಿ ಬೆಳೆದ ತೋಳು ಅವರದು.

"ಏನ ತಮ್ಮಾ, ಏನ ನಡಸೀದಿ?" ಎಂದು ಪಾದಗಳು ಕೇಳಿದವು.

"ನಟ್ಟು ಸೋರಾಕತ್ತೈತ್ರಿ ಕಾಕಾ."

"ಹಂಗಾರ ಸರಿ ಈ ಕಡೆ, ಒಂದ್ ಕೈ ಹಾಕ್ತೀನಿ."

ಬೇಡ ಅನ್ನುವುದು ಹೇಗೆ? ಸರಿದುಕೊಟ್ಟೆ. ಕಾಕಾ ಉಸಿರು ಬಿಗಿಹಿಡಿದು ಒಂದು ಕೈ ಹಾಕಿದರು. ಕಾರು ಇಡಿಯಾಗಿ ಒಮ್ಮೆ ಅವರ ಕಡೆ ವಾಲಿತು. ಹನಿ ನಿಂತಿತು, ಕಾಕಾ ತೃಪ್ತರಾಗಿ ಹೋದರು, ಸ್ವಲ್ಪ ಹೊತ್ತಿನ ಮೇಲೆ ಹನಿ ಮತ್ತೆ ಬಂತು, ಮೊದಲಿಗಿಂತ ತುಸು ಲಗುಬಗೆಯಿಂದ. ಆಮೇಲಿನ ದಿನಗಳಲ್ಲಿ ಓಣಿಯ ಎಲ್ಲ ಗಂಡಸರ ಪಾದಗಳೂ ಬಂದವು. ಹಿಟ್ಟಿನ ಗಿರಣಿಯವರು ಬಂದರು, ಮಠಕ್ಕೆ ಹೊರಟಿದ್ದ ಅಯ್ಯನವರು ಬಂದು ಮಡಿಯ ಪಂಚೆ ಎತ್ತಿಕಟ್ಟಿ ಒಂದು ಕೈ ಹಾಕಿದರು. ನನ್ನ ಮಗಳು ಊರಿಗೆ ಬರಬೇಕು, ಅದಕ್ಕೆ ತಮ್ಮದೂ ಒಂದು ಕೈ ಇರಲಿ ಎಂಬ ಪ್ರೀತಿ ಎಲ್ಲರದೂ. ಪ್ರತಿ ಕೈಗೂ ಹನಿ ಮರ್ಯಾದೆಯಿಂದ ಸ್ವಲ್ಪ ಹೊತ್ತು ನಿಂತು, ಅವರು ಓಣಿಯ ತಿರುವು ದಾಟಿದ ಮೇಲೆ ಇಳಿಯುತ್ತಿತ್ತು.

ಬಿಗಿ ಮಾಡುವುದು ಮುಗಿದ ಮೇಲೆ ಮೆತ್ತುವುದು ಶುರುವಾಯಿತು. ನಮ್ಮ ಜಿನ್ನಿನ ಫಿಟ್ಟರ್ ಹುಸೇನಸಾಬ ಬಂದು ನೋಡಿ, "ಸಾಹೇಬ್ರ, ಬರೇ ತಿರುವಿದ್ರ ಆಗೂದಿಲ್ರಿ. ನೂಲು ಸುತ್ತಿ ಸಫೇದಾ ಬಡೀಬೇಕು. ನೀರಿನ ಪೈಪಿಗೆ ನಾವು ಅದನ್ನೇ ಮಾಡ್ತೀವಿ" ಎಂದು ನೂಲು ಸುತ್ತಿ ಸಫೇದಾ ಎಂಬ ಬಿಳಿ ಲೇಪ ಮೆತ್ತಿದ. ಗಿರಣಿಯವರು ಬಟ್ಟೆ ಸೋಪು ತಂದು ಅದರ ಮೇಲೆ ಒತ್ತಿದರು. ಇದೆಲ್ಲ ನೋಡುತ್ತಿದ್ದ ಅವ್ವ ಒಳಗಿನಿಂದ ಒಂದು ಬಟ್ಟಲು ತಂದಳು. ಸೊಸೆಗೆ ಉಂಡಿ ಮಾಡಿ ಕಳಿಸಲೆಂದು ತರಿಸಿದ್ದ ತಿನ್ನುವ ಅಂಟಿನಲ್ಲಿ ಮಿಕ್ಕಿದ್ದನ್ನು ಬಿಸಿ ನೀರಿನಲ್ಲಿ ಕರಗಿಸಿದ್ದಳು. "ಬಾಣಂತಿ ನಡಾನ ಗಟ್ಟಿ ಮಾಡತೈತಿ, ನಿನ್ನ ನಟ್ಟು ಯಾವ ದೊಡ್ಡದು" ಅಂದಳು. ಬಳಿದೆವು. ಒಂದು ದಿನ ಹನಿ ಬರಲೇ ಇಲ್ಲ. ಇರುವೆ ಬಂದವು. ಎರಡನೆಯ ದಿನ ಎಣ್ಣೆಯಲ್ಲಿ ಅಂಟು ನೆನೆದು, ಇಡೀ ಮುದ್ದೆಯೇ ಜಾರಿ ನನ್ನ ಕತ್ತಿನ ಮೇಲೆ ಬಿತ್ತು.

ಸೋಮವಾರ ಹತ್ತಿರ ಬರುತ್ತಿತ್ತು. ಒಂದು ಮಧ್ಯಾಹ್ನ ಜಿನ್ನಿನಲ್ಲಿ ಹತ್ತಿ ನೋಡುತ್ತ ಕೂತಿದ್ದೆ. ಕೈ ಹತ್ತಿಯ ಮೇಲಿತ್ತು, ಮನಸ್ಸು ಬಮ್ಮಿಗಟ್ಟಿಯಲ್ಲಿ ಬಾಯಿ ಚಪ್ಪರಿಸುತ್ತಿದ್ದ ಮಗುವಿನ ಮೇಲಿತ್ತು. ಮರೆತು ಜೋರಾಗಿ ಎಳೆದೆ. ಒಳ್ಳೆಯ ಉದ್ದನೆಯ ಎಳೆ ಪಟ್ಟನೆ ಹರಿಯಿತು. ನಮ್ಮ ಕೆಲಸದ ಮೊದಲ ಪಾಠವೇ ಇದು: ಜೋರು ಮಾಡಿ ಎಳೆದು, ಹರಿದ ಮೇಲೆ ಹತ್ತಿ ಸರಿಯಿಲ್ಲ ಅನ್ನಬಾರದು. ಹರಿದ ಎಳೆಯನ್ನು ಬೆರಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಬಿಸಿಲಿನಲ್ಲಿ ಹತ್ತಿ ಏರುತ್ತಿತ್ತು, ಜಿನ್ನು ಗುಂಯ್ ಅನ್ನುತ್ತಿತ್ತು, ನನ್ನ ಕಣ್ಣ ಮುಂದೆ ಆ ಹಿತ್ತಾಳೆಯ ನಟ್ಟು ಇಡೀ ಓಣಿಯ ಕೈಗಳ ನಡುವೆ ಉಸಿರಾಡಲಾರದೆ ಒದ್ದಾಡುತ್ತಿತ್ತು. ಪಾಪ ಅನ್ನಿಸಿತು.

ಮನೆಗೆ ಹೋಗಿ ನಟ್ಟನ್ನು ಪೂರ್ತಿ ಬಿಚ್ಚಿದೆ. ಅಷ್ಟು ದಿನಗಳಲ್ಲಿ ಯಾರೂ ಮಾಡದ ಕೆಲಸ ಅದೊಂದೇ. ಒಳಗೆ ನೂಲಿತ್ತು, ಸಫೇದಾ ಇತ್ತು, ಸೋಪಿತ್ತು, ಅಂಟಿತ್ತು. ಇವೆಲ್ಲ ನಟ್ಟಿನ ಸುತ್ತುಗಳಿಗೆ ಅಂಟಿಕೊಂಡಿದ್ದವು, ಆದರೆ ಎಣ್ಣೆಯನ್ನು ತಡೆಯುವುದು ಆ ಸುತ್ತುಗಳಲ್ಲ. ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯಂತೆ ಅರಳಿಸಿರುತ್ತಾರೆ. ಆ ಅರಳಿದ ಬಾಯಿ ಎದುರಿನ ಗುಳಿಯಲ್ಲಿ ಹೋಗಿ ಸರಿಯಾಗಿ ಕೂತರೆ ಎಣ್ಣೆ ಹೊರಗೆ ಬರುವುದಿಲ್ಲ, ಅದನ್ನು ಕೂಡಿಸಿ ಹಿಡಿಯುವುದಷ್ಟೇ ನಟ್ಟಿನ ಕೆಲಸ. ಮೊದಲ ದಿನ ನಡುವೆ ಒಂದು ಕಸದ ಚೂರು ಸಿಕ್ಕಿದ್ದಿರಬೇಕು. ಒರೆಸಿ ಕೂಡಿಸಿದ್ದರೆ ಮುಗಿಯುತ್ತಿತ್ತು. ನಾವು ಪ್ರೀತಿಯಿಂದ ಬಿಗಿ ಮಾಡಿ ಮಾಡಿ ಆ ಬಾಯಿಯನ್ನು ಸೀಳಿಬಿಟ್ಟಿದ್ದೆವು.

ಹುಬ್ಬಳ್ಳಿಗೆ ಹೋಗಿ ಬಾಯಿ ಅರಳಿಸಿದ ಹೊಸ ಪೈಪನ್ನೂ ಹೊಸ ನಟ್ಟನ್ನೂ ತಂದೆ. ಗುಳಿಯನ್ನು ಅವ್ವನ ಹಳೆಯ ಸೀರೆಯ ತುಂಡಿನಿಂದ ಒರೆಸಿದೆ. ಬೆರಳಿನಿಂದಲೇ ನಟ್ಟು ತಿರುವಿ, ಕೊನೆಗೆ ಪಾನಾ ಹಚ್ಚಿ, ಹತ್ತಿ ಎಳೆಯುವ ಹದದಲ್ಲಿ ಒಂದಿಷ್ಟು ಒತ್ತಿ ಕೈ ಬಿಟ್ಟೆ. ಕೈ ಬಿಡುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅದಕ್ಕಿಂತ ಕಷ್ಟ, ಬೇರೆಯವರ ಕೈ ತಡೆಯುವುದು. "ಒಂದ್ ಕೈ ಹಾಕ್ಲೇನು?" ಎಂದು ಬಂದವರಿಗೆಲ್ಲ ಬೇಡ ಬೇಡ ಎಂದೆ. ನಾನು ಜಿನ್ನಿಗೆ ಹೋದಾಗ ಅವ್ವ ಕಾರಿನ ಪಕ್ಕ ಮೊರ ಹಿಡಿದು ಕಾಳು ಹಸನು ಮಾಡುತ್ತ ಕಾವಲು ಕೂತಳು. ಫಕೀರಪ್ಪ ಕಾಕಾ ಓಣಿಯಲ್ಲಿ ನಿಂತು, "ಕಾರು ಬಂದಿಂದ ಹುಡುಗಗ ಸೊಕ್ಕು ಬಂದೈತಿ" ಅಂದದ್ದು ನಮಗೂ ಕೇಳಿಸಿತು. ನನಗೆ ಬಹಳ ನೋವಾಯಿತು, ಆದರೆ ಹನಿ ಬರಲಿಲ್ಲ.

ಒಂದು ಕೆಲಸ ಉಳಿದಿತ್ತು. ಪೈಪು ಬಿಚ್ಚಿದಾಗ ಒಳಗೆ ಗಾಳಿ ಸೇರುತ್ತದೆ, ಅದನ್ನು ತೆಗೆಯಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಒಬ್ಬರು ಗಾಲಿಯ ಹತ್ತಿರ ಸಣ್ಣ ಬಿರಟೆ ಸಡಿಲಿಸಿ, ನಳಿಕೆಯ ಮೂಲಕ ಗಾಳಿಯ ಗುಳ್ಳೆಯನ್ನು ಎಣ್ಣೆಯಿರುವ ಬಾಟಲಿಗೆ ಬಿಡಬೇಕು. ಓಣಿಯ ಯಾರನ್ನೂ ಕರೆಯುವಂತಿರಲಿಲ್ಲ. ಅವ್ವ ಇಳಕಲ್ ಸೀರೆಯ ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತಳು. "ಒತ್ತು ಅವ್ವಾ" ಅಂದರೆ ಒತ್ತುವಳು, "ಬಿಡು" ಅಂದರೆ ಬಿಡುವಳು. ಸ್ವಲ್ಪ ಹೊತ್ತಿಗೆ ಅವಳ ಕಾಲಿಗೆ ಹದ ಸಿಕ್ಕಿತು, ನಾನು ಹೇಳುವುದು ಬೇಕಾಗಲಿಲ್ಲ. ತೊಟ್ಟಿಲ ಹಗ್ಗವನ್ನು ಕಾಲ ಬೆರಳಿಗೆ ಸಿಕ್ಕಿಸಿಕೊಂಡು ತೂಗಿ ಬೆಳೆದ ಹೆಂಗಸು ಅವಳು. ಪೆಡಲ್ ಮೇಲೆ ಕೆಳಗೆ ಆಗುತ್ತಿದ್ದಂತೆ ತಾನಾಗಿಯೇ ಬಾಯಿಗೆ ಜೋಗುಳ ಬಂತು. ಬರಲಿರುವ ಮೊಮ್ಮಗಳಿಗೆಂದು ಮೆಲ್ಲಗೆ ಹಾಡತೊಡಗಿದಳು. ಗಾಜಿನ ಬಾಟಲಿಯಲ್ಲಿ ಗುಳ್ಳೆಗಳು ಆ ಹಾಡಿಗೆ ಸರಿಯಾಗಿ ಒಂದೊಂದೇ ಏಳುತ್ತಿದ್ದವು. ಗುಳ್ಳೆ, ಹಾಡು, ಗುಳ್ಳೆ, ಹಾಡು. ಬೇವಿನ ಹೂವಿನ ವಾಸನೆ ಬರುತ್ತಿತ್ತು. ಪೈಪುಗಳಿಗೆ ಎಣ್ಣೆ ಕೊಡುವ ಮೇಲಿನ ಡಬ್ಬಿ ಬರಿದಾಗಿ, ಬಿರಟೆ ತೆರೆದೇ ಇದ್ದು, ಪೈಪಿನ ತುಂಬ ಮತ್ತೆ ಗಾಳಿ ತುಂಬಿಕೊಂಡದ್ದು ನನಗೆ ತಿಳಿಯಲಿಲ್ಲ. ನಾನು ಮಲಗಿಬಿಟ್ಟಿದ್ದೆ. ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು, ಎರಡನೆಯ ಸಲ ಅವ್ವನಿಗೆ ಹಾಡಬೇಡವೆಂದು ಹೇಳಿದೆ.

ಸೋಮವಾರ ಬೆಳಿಗ್ಗೆ ಬಮ್ಮಿಗಟ್ಟಿಯ ಇಳಿಜಾರಿನ ತುದಿಗೆ ಬಂದಾಗ ಕೆಳಗೆ ಮಾವ ನಿಂತಿದ್ದರು. ಓಣಿಯ ನಡುವೆ ತಾಮ್ರದ ಕೊಡ, ಬಾಯಿ ತನಕ ನೀರು. ಅತ್ತೆ ಬಾಗಿಲಲ್ಲಿದ್ದರು, ಅವರ ಹಿಂದೆ ಮಗುವನ್ನೆತ್ತಿಕೊಂಡು ಕಸ್ತೂರಿ. ನಾನು ಕಾರನ್ನು ಇಳಿಜಾರಿಗೆ ಬಿಟ್ಟೆ. ಕೊಡ ದೊಡ್ಡದಾಗುತ್ತ ಬಂತು. ಮಾವ ಅಭ್ಯಾಸಬಲದಿಂದ "ಹೋ" ಅಂದರು. ಒತ್ತಿದೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಕಾರು ಕೊಡದಿಂದ ಒಂದು ಮೊಳ ಈಚೆಗೆ ನಿಂತಿತು. ಕೊಡದ ನೀರು ಅಲುಗಲಿಲ್ಲ. ಮಾವ ಕಾರಿನ ಸುತ್ತ ಒಂದು ಸುತ್ತು ಬಂದು, ಅದರ ಮೂತಿಯನ್ನು ತಟ್ಟಿ, "ಅಗದಿ ಬರೋಬ್ಬರಿ ಐತಿ" ಅಂದರು. ಅಷ್ಟು ವರ್ಷಗಳಲ್ಲಿ ಮಾವ ನನಗೆ ಸಂಬಂಧಪಟ್ಟ ವಸ್ತುವೊಂದನ್ನು ಹೊಗಳಿದ್ದು ಅದೇ ಮೊದಲು.

ಹೋಳಿಗೆ ಊಟವಾಯಿತು. ಕಸ್ತೂರಿಯ ಟ್ರಂಕು ಬಾಗಿಲಿಗೆ ಬಂತು. ಒಳಗೆ ಉಡಿ ತುಂಬುತ್ತಿದ್ದಾಗ ನಾನು ಸಾಮಾನು ಇಡಲೆಂದು ಹೊರಗೆ ಕಾರಿನ ಹತ್ತಿರ ಬಂದೆ. ಹಿಂದಿನ ಸೀಟಿನ ಮೇಲೆ ಅತ್ತೆ ಆಗಲೇ ಕೌದಿಯನ್ನು ಮಡಿಸಿ ಹಾಸಿದ್ದರು. ಅದರ ಮೇಲೆ ಒಂದು ದಿಂಬು, ನನ್ನ ಅಂಗೈಯಷ್ಟು. ಆ ದಿಂಬನ್ನು ನೋಡುತ್ತ ನಿಂತೆ. ಇಷ್ಟು ದಿನ ಈ ಕಾರಿನಲ್ಲಿ ಕೂತವನು ನಾನು, ನನ್ನ ತಲೆಗೆ ದೊಡ್ಡ ದಿಂಬು ಬೇಕು, ಏನಾದರೂ ಆದರೆ ಬಣವೆಯಿದೆ. ಇಷ್ಟು ಸಣ್ಣ ದಿಂಬಿನ ಮೇಲೆ ತಲೆಯಿಡುವವರು ಈಗ ಬರುತ್ತಾರೆ.  ನಟ್ಟನ್ನು ಒಮ್ಮೆ ನೋಡಿಬಿಡೋಣವೆಂದು ಕಾರಿನ ಕೆಳಗೆ ಜಾರಿದೆ. ನಟ್ಟು ಒಣಗಿತ್ತು. ಬೆರಳಿಂದ ಮುಟ್ಟಿ ನೋಡಿದೆ, ಒಣಗಿತ್ತು. ಎದ್ದು ಬರಬೇಕಾಗಿತ್ತು, ಆದರೆ ಪಾನಾ ಕಿಸೆಯಲ್ಲಿತ್ತು. ಇರಲಿ, ಕೂಸು ಕೂಡುವುದಲ್ಲವೇ ಎಂದುಕೊಂಡು ಒಂದು ಕೈ ಹಾಕಿದೆ.

ಟಿಕ್ ಎಂದು ಒಂದು ಸಣ್ಣ ಸಪ್ಪಳ ಬಂತು. ನಾನು ಉಸಿರು ಹಿಡಿದು ಮಲಗಿದೆ. ನಟ್ಟಿನ ಅಂಚಿನಲ್ಲಿ ಒಂದು ಮಿನುಗು ಹುಟ್ಟಿತು.

ಎಷ್ಟು ಹೊತ್ತು ಹಾಗೇ ಇದ್ದೆನೋ ತಿಳಿಯದು. ಅರಿಶಿನ ಹಚ್ಚಿದ ಎರಡು ಪಾದಗಳು ಬಂದು ನಿಂತವು, ಬೆರಳುಗಳಲ್ಲಿ ಬೆಳ್ಳಿಯ ಕಾಲುಂಗುರ. ಎಲ್ಲರ ಪಾದಗಳೂ ನಿಂತಲ್ಲಿಂದಲೇ ಮಾತಾಡಿಸಿದ್ದವು. ಇವು ಮಡಿಚಿಕೊಂಡವು, ಕಸ್ತೂರಿ ಮಗುವನ್ನು ಎದೆಗೊತ್ತಿಕೊಂಡು ಬಗ್ಗಿ ಒಳಗೆ ನೋಡಿದಳು.

"ಏನ್ ಮಾಡಾಕತ್ತೀರಿ?"

"ಏನಿಲ್ಲ" ಅಂದೆ. ಹನಿ ನನ್ನ ಹುಬ್ಬುಗಳ ನಡುವೆ ಬಿತ್ತು. ಅವಳು ನಟ್ಟನ್ನು ನೋಡಿದಳು, ನನ್ನನ್ನು ನೋಡಿದಳು.

"ಈಗ ತಿರುವಿದ್ರೇನು?"

"ಒಂದ್ ಕೈ."

"ಯಾಕ್ರಿ?"

"ಕೂಸು ಕೂಡೂದೈತಲ್ಲ ಅಂತ."

ಅವಳು ಎದ್ದು ನಿಂತಳು. ಪಾದಗಳು ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಇದ್ದವು. ಮನೆಗೆ ಬರಲು ಅವಳೆಷ್ಟು ಹಾತೊರೆಯುತ್ತಿದ್ದಳೆಂದು ನನಗೆ ಗೊತ್ತಿತ್ತು, ಬಾಗಿಲಲ್ಲಿ ಟ್ರಂಕು ನಿಂತಿತ್ತು. ಆಮೇಲೆ ಅವಳ ದನಿ ಕೇಳಿಸಿತು. "ಅಪ್ಪಾ, ಕೂಸಿಗೆ ಮೂಗು ಕಟ್ಟಿದಂಗ ಆಗೇತಿ. ಇಷ್ಟು ದೂರ ಗಾಳ್ಯಾಗ ಒಯ್ಯೂದು ಬ್ಯಾಡ. ಐದನೇ ತಿಂಗಳದಾಗ ಹೋಗ್ತೀನಿ." ಮಗು ಆ ಹೊತ್ತಿಗೆ ಸರಿಯಾಗಿ, ಯಾವ ಅಡ್ಡಿಯೂ ಇಲ್ಲದ ಮೂಗಿನಿಂದ, ಹೂಂ ಎಂದು ನಕ್ಕಿತು. ಮಾವ ಬಂದು ಕಾರಿನ ಪಕ್ಕದಲ್ಲಿ ನಿಂತು ನನ್ನ ಕಾಲುಗಳಿಗೆ, "ಏನ್ ಮಾಡೂದು ಅಳಿಯಂದ್ರ, ಗಾಡಿ ಬರೋಬ್ಬರಿ ಐತಿ, ಕೂಸಿನ ಮೂಗು ಬರೋಬ್ಬರಿ ಇಲ್ಲ" ಎಂದು ಸಮಾಧಾನ ಹೇಳಿದರು. ಮೊಮ್ಮಗಳು ಇನ್ನೆರಡು ತಿಂಗಳು ತಮ್ಮಲ್ಲಿರುವ ಸಂತೋಷ ಅವರ ಪಾದಗಳಲ್ಲಿ ಚೆನ್ನಾಗಿ ಕಾಣುತ್ತಿತ್ತು.

ಹೊರಡುವ ಮೊದಲು ಕಸ್ತೂರಿ ಮಗುವನ್ನು ನನ್ನ ಕೈಗೆ ಕೊಟ್ಟಳು. "ಹಿಡೀರಿ. ಇದನ್ನರ ಸಾವಕಾಶ ಹಿಡೀರಿ" ಎಂದು ನನಗಷ್ಟೇ ಕೇಳುವಂತೆ ಅಂದಳು. ನಾನು ಹತ್ತಿ ಹಿಡಿದ ಹಾಗೆ ಹಿಡಿದೆ. "ಬಿಗಿ ಹಿಡೀರಿ, ಕೂಸು ಜಾರೀತು" ಎಂದು ಅತ್ತೆ ಬಾಗಿಲಿನಿಂದ ಕೂಗಿದರು. ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು, ನಕ್ಕಳೋ ಅತ್ತಳೋ ನೋಡಲಾಗಲಿಲ್ಲ. ಆಮೇಲೆ ಎಣ್ಣೆಯ ಬಾಟಲಿ ಇದೆಯೇ ಎಂದು ಕೇಳಿ, ದಾರಿಯಲ್ಲಿ ನಿಂತು ನಿಂತು ತುಂಬಿಕೊಳ್ಳುತ್ತ, ನಡೆದು ಹೋದ ಹಾಗೆ ಹೋಗಬೇಕೆಂದು ಆಣೆ ಹಾಕಿಸಿಕೊಂಡಳು.

ನಡೆದು ಹೋದ ಹಾಗೆಯೇ ಹೋದೆ. ಸೈಕಲ್ಲಿನವರು ನನ್ನನ್ನು ದಾಟಿ ಹೋದರು. ಹುಬ್ಬಳ್ಳಿ ಕಳೆದು ಎರೆ ಭೂಮಿಗೆ ಬಂದಾಗ ಸಂಜೆಯಾಗಿತ್ತು. ಎರಡೂ ಕಡೆ ಹೊಲಗಳಲ್ಲಿ ಆರಿಸದೆ ಉಳಿದ ಹತ್ತಿ ಬಿಳಿಯಾಗಿ ಕಾಣುತ್ತಿತ್ತು. ಹಿಂದಿನ ಸೀಟಿನಲ್ಲಿ ಮರೆತು ಬಿಟ್ಟಿದ್ದ ಆ ಸಣ್ಣ ದಿಂಬು ಕನ್ನಡಿಯಲ್ಲಿ ಕಾಣುತ್ತಿತ್ತು.

ಮನೆಯ ಮುಂದೆ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಸಿಟ್ಟು ಬಿಟ್ಟು ಫಕೀರಪ್ಪ ಕಾಕಾನೂ ಬಂದಿದ್ದರು. ಅವ್ವ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಒಬ್ಬನೇ ಇಳಿದೆ. ಅವ್ವ ಹಿಂದಿನ ಸೀಟನ್ನು ನೋಡಿದಳು. "ಕೂಸಿಗೆ ನೆಗಡಿ" ಅಂದೆ. ಅವಳು ನನ್ನ ಹಣೆಯನ್ನು ನೋಡಿದಳು. ಅಲ್ಲಿ ಎಣ್ಣೆ ಇನ್ನೂ ಇದ್ದಿರಬೇಕು.

"ಯಾರು ಕೈ ಹಾಕಿದ್ರು?" ಎಂದು ಮೆಲ್ಲಗೆ ಕೇಳಿದಳು.

ಮಾವನ ಹೆಸರು ನಾಲಿಗೆಯ ತುದಿಯ ತನಕ ಬಂದಿತ್ತು. "ನಾನೇ" ಅಂದೆ.

ಅವ್ವ ನಿಟ್ಟುಸಿರು ಬಿಟ್ಟಳು. ಓಣಿಯೆಲ್ಲ ನೋಡುತ್ತ ನಿಂತಿತ್ತು. "ಹಚ್ಚಿದ ಆರತಿ ಹಂಗ ಒಳಗ ಒಯ್ಯಬಾರದು. ನಿಂದರು ಅಲ್ಲೆ" ಅಂದಳು. ಕೂಸಿಗೆಂದು ಹಚ್ಚಿದ ಆರತಿಯನ್ನು ನನಗೆ ಬೆಳಗಿದಳು. ಕೂಸಿಗೆಂದು ತೇಯ್ದಿಟ್ಟಿದ್ದ ಕಾಡಿಗೆಯನ್ನು ಬೆರಳಲ್ಲಿ ತೆಗೆದು ನನ್ನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು, ಹಣೆಯ ಎರಡೂ ಬದಿಗೆ ಬೆರಳೊತ್ತಿ ಲಟಿಕೆ ಮುರಿದಳು. ಆಮೇಲೆ ಮೊಣಕೈ ಹಿಡಿದುಕೊಂಡು, "ಬಲಗಾಲಿಟ್ಟು ಬಾ, ಹೊಸ್ತಲಾ ಐತಿ, ಎಡವೀಯಾ" ಅಂದಳು. ಜಿನ್ನಿನಲ್ಲಿ ಎಲ್ಲರೂ ಸಾಹೇಬ್ರ ಎನ್ನುವ ನಾನು, ಓಣಿಯವರೆಲ್ಲರ ಎದುರಿಗೆ ಬಲಗಾಲಿಟ್ಟು ಒಳಗೆ ಹೋದೆ.